ಫೀಶೋ, ಫಶ್ಶೋ: ಟಾಸ್ಮನ್ ಸಮುದ್ರದ ಆಚೀಚಿನ ಕೀಟಲೆ

ಸಂಪಾದಕರಿಗೆ,

ಮಾನ್ಯರೇ,

ನ್ಯೂಜಿಲೆಂಡಿನ ಕ್ರಿಕೆಟ್ ವೀಕ್ಷಕ ವಿವರಣೆಗಾರರ ಇಂಗ್ಲಿಷಿನ ಬಗ್ಗೆ ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಪ್ರಕಟವಾದ ಪತ್ರವನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಆ ಪತ್ರದಲ್ಲಿ ಎರಡು ಆಕ್ಷೇಪಗಳಿದ್ದವು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ದೇಶದವರು ‘ಸಿಕ್ಸ್’ ಎನ್ನಲು ಬಾರದೆ ‘ಸಕ್ಸ್’ ಎನ್ನುವುದು ಅಶುದ್ಧ ಉಚ್ಚಾರ ಎಂಬುದು ಒಂದು. ಅದನ್ನು ಆಸ್ಟ್ರೇಲಿಯದವರು ಹೊತ್ತುಗೊತ್ತಿಲ್ಲದೆ ಅಣಕಿಸುವುದು ದೊಡ್ಡ ದೇಶವೊಂದು ಚಿಕ್ಕ ದೇಶಕ್ಕೆ ಮಾಡುವ ಅವಮಾನ ಎಂಬುದು ಇನ್ನೊಂದು. ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ, ಮಗಳು ವೆಲ್ಲಿಂಗ್ಟನ್ನಿನಲ್ಲೂ ಮಗ ಮೆಲ್ಬರ್ನಿನಲ್ಲೂ ಮನೆ ಮಾಡಿರುವುದರಿಂದ ಎರಡೂ ಕಡೆಯ ಮಾತನ್ನು ಕಿವಿಯಾರೆ ಕೇಳುವ ಅವಕಾಶ ಸಿಕ್ಕಿರುವ ನನಗೆ ಇವೆರಡೂ ಒಪ್ಪಿಗೆಯಾಗಲಿಲ್ಲ. ಅಣಕ ಇರುವುದು ನಿಜ. ಆದರೆ ಟಾಸ್ಮನ್ ಸಮುದ್ರದ ಆಚೀಚೆ ಇರುವ, ನೋಡುವವರ ಕಣ್ಣಿಗೆ ಒಂದೇ ಅಚ್ಚಿನಂತೆ ಕಾಣುವ ಎರಡು ದೇಶಗಳು ತಾವು ಬೇರೆ ಬೇರೆ ಎಂದು ಒಬ್ಬರಿಗೊಬ್ಬರು ನೆನಪಿಸಿಕೊಳ್ಳುವುದಕ್ಕೆ ಆ ಅಣಕವನ್ನು ಇಟ್ಟುಕೊಂಡಿವೆ, ಮತ್ತು ಅದು ಎರಡೂ ದಿಕ್ಕಿಗೆ ಹರಿಯುವಷ್ಟು ಕಾಲ ಅದರಲ್ಲಿ ಅವಮಾನವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಉಚ್ಚಾರದ ಮಾತು. ಮೀನು ಮತ್ತು ಕರಿದ ಆಲೂಗೆಡ್ಡೆಯ ತಿಂಡಿ ಎರಡೂ ದೇಶಗಳ ಕಡಲತೀರದಲ್ಲಿ ಸಿಗುತ್ತದೆ. ಅದನ್ನು ಆಸ್ಟ್ರೇಲಿಯದವರು ‘ಫೀಶ್ ಆ್ಯಂಡ್ ಚೀಪ್ಸ್’ ಎನ್ನುತ್ತಾರೆಂದು ನ್ಯೂಜಿಲೆಂಡಿನವರು ನಗುತ್ತಾರೆ. ನ್ಯೂಜಿಲೆಂಡಿನವರು ‘ಫಶ್ ಆ್ಯಂಡ್ ಚಪ್ಸ್’ ಎನ್ನುತ್ತಾರೆಂದು ಆಸ್ಟ್ರೇಲಿಯದವರು ನಗುತ್ತಾರೆ. ಎರಡೂ ತುಸು ಉತ್ಪ್ರೇಕ್ಷೆಯೇ, ಆದರೆ ಎರಡರಲ್ಲೂ ಸತ್ಯವಿದೆ. ಆಸ್ಟ್ರೇಲಿಯದಲ್ಲಿ ಹ್ರಸ್ವ ಇಕಾರವನ್ನು ನುಡಿಯುವಾಗ ನಾಲಗೆ ಲಂಡನ್ನಿನ ಮಾದರಿಗಿಂತ ಮೇಲಕ್ಕೂ ಮುಂದಕ್ಕೂ ಹೋಗುತ್ತದೆ. ನ್ಯೂಜಿಲೆಂಡಿನಲ್ಲಿ ಅದು ಬಾಯಿಯ ನಡುವಿಗೆ ಸರಿಯುತ್ತದೆ. ಹೀಗೆ ಸರಿದದ್ದು ಸೋಮಾರಿತನದಿಂದಲ್ಲ. ನ್ಯೂಜಿಲೆಂಡಿನವರ ‘ಬ್ಯಾಟ್’ ಮೇಲೇರಿ ಹೊರಗಿನವರ ಕಿವಿಗೆ ‘ಬೆಟ್’ ಎಂದು ಕೇಳಿಸುತ್ತದೆ, ಅವರ ‘ಪೆನ್’ ಇನ್ನೂ ಮೇಲೇರಿ ‘ಪಿನ್’ ಎಂದು ಕೇಳಿಸುತ್ತದೆ. ಹೀಗೆ ಎಕಾರವು ಇಕಾರದ ಜಾಗಕ್ಕೆ ಬಂದ ಮೇಲೆ ನಿಜವಾದ ಇಕಾರವು ಬೇರೆ ಜಾಗ ಹಿಡಿಯದಿದ್ದರೆ ಪದ ಪದಗಳ ನಡುವೆ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಒಟ್ಟು ವ್ಯವಸ್ಥೆಯೇ ಕ್ರಮವಾಗಿ ಜರುಗಿದೆ. ಐಪಿಎಲ್ ನೋಡುವವರು ಡ್ಯಾನಿ ಮಾರಿಸನ್ ಅಥವಾ ಸೈಮನ್ ಡೌಲ್ ಅವರ ವಿವರಣೆಯನ್ನು ಐದು ನಿಮಿಷ ಗಮನವಿಟ್ಟು ಆಲಿಸಿದರೆ ಈ ಕ್ರಮ ತಾನಾಗಿ ಗೊತ್ತಾಗುತ್ತದೆ. (ಮನೆಯ ಹಿಂಬದಿಗೆ ಕಟ್ಟುವ ಮರದ ಜಗಲಿಯನ್ನು ಅಲ್ಲಿನವರು ‘ಡೆಕ್’ ಎನ್ನುತ್ತಾರೆ. ಅವರ ಬಾಯಲ್ಲಿ ಅದು ಏನಾಗಿ ಕೇಳಿಸುತ್ತದೆ ಎಂಬುದನ್ನು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಆಸ್ಟ್ರೇಲಿಯದ ವಿನೋದಗಾರರಲ್ಲಿ ಅರ್ಧದಷ್ಟು ಮಂದಿಯ ಹೊಟ್ಟೆಪಾಡು ಅದರಿಂದಲೇ ನಡೆದಿರಬೇಕು.)

ಈ ಧಾಟಿ ಯಾವಾಗ ಹುಟ್ಟಿತು ಎಂಬುದಕ್ಕೆ ಅಪರೂಪದ ಸಾಕ್ಷ್ಯವಿದೆ. 1946ರಿಂದ 1948ರ ವರೆಗೆ ನ್ಯೂಜಿಲೆಂಡ್ ಬಾನುಲಿಯ ಸಂಚಾರಿ ಧ್ವನಿಮುದ್ರಣ ಘಟಕವೊಂದು ಊರೂರು ತಿರುಗಿ ಹಳಬರ ನೆನಪುಗಳನ್ನು ದಾಖಲಿಸಿಕೊಂಡಿತು. ಅವರಲ್ಲಿ 1850ರ ದಶಕದಲ್ಲಿ, ಅಂದರೆ ಬ್ರಿಟಿಷ್ ವಲಸೆ ಇನ್ನೂ ಹೊಸತಾಗಿದ್ದಾಗ, ಆ ನೆಲದಲ್ಲೇ ಹುಟ್ಟಿದವರೂ ಇದ್ದರು. ಬಹುಕಾಲದ ನಂತರ ಕ್ರೈಸ್ಟ್‌ಚರ್ಚಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಎಲಿಜಬೆತ್ ಗಾರ್ಡನ್ ಮತ್ತು ಅವರ ಸಂಗಡಿಗರು ಆ ಮುದ್ರಿಕೆಗಳನ್ನು ಅಭ್ಯಾಸ ಮಾಡಿದರು. ಮೊದಲ ತಲೆಮಾರಿನವರಲ್ಲಿ ಒಂದೇ ಊರಿನಲ್ಲಿ ಬೆಳೆದವರು ಸಹ ಸ್ಕಾಟ್ಲೆಂಡಿನದೊಂದು, ಲಂಡನ್ನಿನದೊಂದು, ಐರ್ಲೆಂಡಿನದೊಂದು ಲಕ್ಷಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬೆರೆಸಿಕೊಂಡು ಮಾತನಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹುಟ್ಟಿದವರ ಮಾತಿನಲ್ಲಿ ಈಗಿನ ಧಾಟಿ ನೆಲೆಗೊಂಡಿತ್ತು. ಅದೇ ಹೊತ್ತಿನಲ್ಲಿ ಶಾಲಾ ತನಿಖಾಧಿಕಾರಿಗಳು ಮಕ್ಕಳ ವಸಾಹತು ರಾಗದ ಬಗ್ಗೆ ತಮ್ಮ ವರದಿಗಳಲ್ಲಿ ಗೊಣಗತೊಡಗಿದರು. ನಿಮ್ಮ ಪತ್ರಲೇಖಕರ ಆಕ್ಷೇಪ ಹೊಸದೇನಲ್ಲ. ಆ ತನಿಖಾಧಿಕಾರಿಗಳು ನೂರು ವರ್ಷಕ್ಕೂ ಹಿಂದೆ ಅದನ್ನೇ ಬರೆದಿದ್ದರು, ಮಕ್ಕಳು ಕೇಳಲಿಲ್ಲ ಅಷ್ಟೆ.

ಇನ್ನು ಒಂದು ಸ್ವರಕ್ಕೆ ರಾಷ್ಟ್ರೀಯತೆಯ ಭಾರ ಏಕೆ ಬಿತ್ತು ಎಂಬ ಪ್ರಶ್ನೆ. ಆ ಭಾಗದ ಬ್ರಿಟಿಷ್ ವಸಾಹತುಗಳನ್ನು ಒಂದುಗೂಡಿಸುವ ಬಗ್ಗೆ 1890ರಲ್ಲಿ ಮೆಲ್ಬರ್ನಿನಲ್ಲಿ ಸೇರಿದ ಒಕ್ಕೂಟ ಸಮ್ಮೇಳನದಲ್ಲಿ ನ್ಯೂಜಿಲೆಂಡಿನ ಪ್ರತಿನಿಧಿಯಾಗಿದ್ದ ಸರ್ ಜಾನ್ ಹಾಲ್, ತಮ್ಮ ದೇಶ ಆಸ್ಟ್ರೇಲಿಯದ ಒಕ್ಕೂಟಕ್ಕೆ ಸೇರುವುದಕ್ಕೆ ಪ್ರಕೃತಿಯೇ 1,200 ಅಡ್ಡಿಗಳನ್ನು ಒಡ್ಡಿದೆ ಎಂದಿದ್ದರು. ನಡುವಿನ ಬಿರುಗಾಳಿಯ ಸಮುದ್ರ ಅಷ್ಟು ಮೈಲಿ ಅಗಲವಿದೆ ಎಂಬುದು ಅವರ ಲೆಕ್ಕ. 1901ರಲ್ಲಿ ಆಸ್ಟ್ರೇಲಿಯ ಒಕ್ಕೂಟವಾದಾಗ ನ್ಯೂಜಿಲೆಂಡ್ ಹೊರಗುಳಿಯಿತು. ಆದರೆ ಆಸ್ಟ್ರೇಲಿಯದ ಸಂವಿಧಾನ ಕಾಯ್ದೆಯ ಆರನೆಯ ವಿಧಿಯಲ್ಲಿ ರಾಜ್ಯಗಳ ವ್ಯಾಖ್ಯೆ ಕೊಡುವಲ್ಲಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಗಳ ಸಾಲಿನಲ್ಲಿ ನ್ಯೂಜಿಲೆಂಡಿನ ಹೆಸರು ಇಂದಿಗೂ ಇದೆ. ಬರುವುದಾದರೆ ಬನ್ನಿ ಎಂದು ಎಲೆ ಹಾಕಿಟ್ಟು ಕಾದ ಹಾಗೆ ಅದು ಉಳಿದುಬಿಟ್ಟಿದೆ. ಎರಡೂ ಧ್ವಜಗಳು ನೀಲಿ, ಎರಡರ ಮೂಲೆಯಲ್ಲೂ ಬ್ರಿಟನ್ನಿನ ಧ್ವಜ, ಎರಡರಲ್ಲೂ ತ್ರಿಶಂಕು ನಕ್ಷತ್ರಪುಂಜ. ಒಂದರಲ್ಲಿ ನಾಲ್ಕು ಕೆಂಪು ನಕ್ಷತ್ರ, ಇನ್ನೊಂದರಲ್ಲಿ ಆರು ಬಿಳಿಯವು. 1915ರ ಏಪ್ರಿಲ್ 25ರಂದು ಗಲಿಪೊಲಿಯ ದಡದಲ್ಲಿ ಇಳಿದ ಸೈನಿಕರ ನೆನಪನ್ನು ಇಬ್ಬರೂ ಒಂದೇ ಬೆಳಗಿನ ಜಾವ ಆಚರಿಸುತ್ತಾರೆ. 1973ರ ಒಪ್ಪಂದದ ಬಳಿಕ ಎರಡೂ ದೇಶಗಳ ಪ್ರಜೆಗಳು ಇನ್ನೊಂದು ಕಡೆ ಹೋಗಿ ನೆಲೆಸುವುದು ಬಹಳ ಸಲೀಸಾಗಿದ್ದು, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಐದು ಲಕ್ಷಕ್ಕೂ ಹೆಚ್ಚು ಮಂದಿ ಇಂದು ಆಸ್ಟ್ರೇಲಿಯದಲ್ಲಿದ್ದಾರೆ. ರಾಜ ಒಬ್ಬನೇ, ಕಾನೂನಿನ ಮೂಲ ಒಂದೇ, ಬೇಸಿಗೆಯಲ್ಲಿ ಕ್ರಿಕೆಟ್ ಒಂದೇ.

ಇಷ್ಟು ಹೋಲಿಕೆ ಇರುವಲ್ಲಿ ಉಳಿದ ಚೂರುಪಾರು ವ್ಯತ್ಯಾಸಗಳಿಗೆ ಬೆಲೆ ಏರುವುದು ಸಹಜ. ಪಾವ್ಲೋವಾ ಎಂಬ ಮೊಟ್ಟೆಬಿಳಿಯ ಸಿಹಿತಿಂಡಿಯನ್ನು ಮೊದಲು ಮಾಡಿದವರು ಯಾರೆಂಬ ವ್ಯಾಜ್ಯ ಹತ್ತಾರು ವರ್ಷಗಳಿಂದ ನಡೆದಿದೆ. ಫಾರ್ ಲ್ಯಾಪ್ ಎಂಬ ಹೆಸರಾಂತ ಪಂದ್ಯದ ಕುದುರೆಯ ಕಥೆಯಂತೂ ಇನ್ನೂ ಸೊಗಸು: ಅದು 1926ರಲ್ಲಿ ನ್ಯೂಜಿಲೆಂಡಿನ ಟಿಮಾರು ಪಟ್ಟಣದ ಬಳಿ ಹುಟ್ಟಿತು, ಆಸ್ಟ್ರೇಲಿಯದಲ್ಲಿ ಓಡಿ 1930ರ ಮೆಲ್ಬರ್ನ್ ಕಪ್ ಗೆದ್ದಿತು, 1932ರಲ್ಲಿ ಅಮೆರಿಕದಲ್ಲಿ ಸತ್ತಿತು, ಈಗ ಅದರ ಚರ್ಮ ಮೆಲ್ಬರ್ನಿನ ವಸ್ತುಸಂಗ್ರಹಾಲಯದಲ್ಲಿದೆ, ಅಸ್ಥಿಪಂಜರ ವೆಲ್ಲಿಂಗ್ಟನ್ನಿನಲ್ಲಿದೆ, ಹೃದಯ ಕ್ಯಾನ್‌ಬೆರಾದಲ್ಲಿದೆ. ಕುದುರೆಯನ್ನಾದರೂ ಹೀಗೆ ಪಾಲು ಮಾಡಿಕೊಳ್ಳಬಹುದು. ಆದರೆ ಲಂಡನ್ನಿನ ಹೋಟೆಲಿನಲ್ಲೋ ಬಾಲಿಯ ಕಡಲತೀರದಲ್ಲೋ ಎದುರಾದ ಅಪರಿಚಿತ ಯಾವ ದಡದವನು ಎಂದು ತಿಳಿಯಲು ಕುದುರೆಯೂ ಧ್ವಜವೂ ಉಪಯೋಗಕ್ಕೆ ಬರುವುದಿಲ್ಲ. ಅವನು ಒಂದು ಇಕಾರ ಉಚ್ಚರಿಸಬೇಕು.

ಈ ಇಕಾರ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಕ್ಯಾಂಟರ್ಬರಿಯಲ್ಲೇ ನಡೆದ ಎರಡು ಪ್ರಯೋಗಗಳನ್ನು ಇಲ್ಲಿ ವಿವರವಾಗಿ ಹೇಳಬೇಕು. 2006ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಜೆನಿಫರ್ ಹೇ ಮತ್ತು ಸಹಸಂಶೋಧಕರು ನ್ಯೂಜಿಲೆಂಡಿನವನೊಬ್ಬ ಹೇಳಿದ ವಾಕ್ಯಗಳನ್ನು ನ್ಯೂಜಿಲೆಂಡಿನವರಿಗೇ ಕೇಳಿಸಿದರು. ಬಳಿಕ ಆಸ್ಟ್ರೇಲಿಯದ ಇಕಾರದಿಂದ ನ್ಯೂಜಿಲೆಂಡಿನ ಇಕಾರದವರೆಗೆ ಹಂತ ಹಂತವಾಗಿ ಬದಲಾಗುವ ಕೃತಕ ಸ್ವರಗಳನ್ನು ಕೇಳಿಸಿ, ವಾಕ್ಯದಲ್ಲಿ ಬಂದ ಸ್ವರಕ್ಕೆ ಹತ್ತಿರವಾದುದನ್ನು ಆರಿಸಲು ಹೇಳಿದರು. ಕೆಲವರ ಉತ್ತರಪತ್ರಿಕೆಯ ತಲೆಗೆ ‘ನ್ಯೂಜಿಲೆಂಡಿನವ’ ಎಂದೂ ಇನ್ನು ಕೆಲವರದಕ್ಕೆ ‘ಆಸ್ಟ್ರೇಲಿಯದವ’ ಎಂದೂ ಅಚ್ಚಾಗಿತ್ತು, ಅಷ್ಟೇ ವ್ಯತ್ಯಾಸ. ‘ಆಸ್ಟ್ರೇಲಿಯದವ’ ಎಂದಿದ್ದ ಹಾಳೆ ಸಿಕ್ಕವರು ಅದೇ ಧ್ವನಿಯಲ್ಲಿ ಆಸ್ಟ್ರೇಲಿಯದ ಕಡೆಗೆ ವಾಲಿದ ಸ್ವರವನ್ನು ಕೇಳಿದರು. ಮಾತನಾಡಿದವನು ತಮ್ಮ ದೇಶದವನೇ ಎಂದು ಅವರಲ್ಲಿ ಬಹುಪಾಲು ಮಂದಿಗೆ ಗೊತ್ತಿದ್ದೂ ಹೀಗಾಯಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹೇ ಮತ್ತು ಕೇಟಿ ಡ್ರೇಗರ್ ಹಾಳೆಯ ಮೇಲಿನ ಬರಹವನ್ನೂ ತೆಗೆದುಬಿಟ್ಟರು. ಕೋಣೆಯಲ್ಲಿ ಮಕ್ಕಳಾಟದ ಬಟ್ಟೆಯ ಗೊಂಬೆಗಳು ಕಣ್ಣಿಗೆ ಬೀಳುವಂತೆ ಮಾಡಿದರು, ಕೆಲವರಿಗೆ ನ್ಯೂಜಿಲೆಂಡಿನ ಕೀವಿ ಹಕ್ಕಿ, ಕೆಲವರಿಗೆ ಆಸ್ಟ್ರೇಲಿಯದ ಕಾಂಗರೂ ಮತ್ತು ಕೋಆಲ. ಮೂಲೆಯಲ್ಲಿ ಕುಳಿತ ಗೊಂಬೆ ಯಾವ ದೇಶದ್ದು ಎಂಬುದು ಸಹ ಕೇಳುವವರು ಸ್ವರವನ್ನು ಗ್ರಹಿಸುವ ಬಗೆಯ ಮೇಲೆ ಪರಿಣಾಮ ಬೀರಿತು. ಅಂದರೆ ಆ ಜನರ ಮನಸ್ಸಿನಲ್ಲಿ ‘ಆಸ್ಟ್ರೇಲಿಯ’ ಎಂಬ ಕಲ್ಪನೆ ಮತ್ತು ಆ ಇಕಾರ ಒಟ್ಟಿಗೇ ಏಳುತ್ತವೆ. ಇದನ್ನು ಅಶುದ್ಧಿ ಎಂದು ಕರೆದು ತಿದ್ದಲು ಹೊರಡುವವರು ಯಾವುದಕ್ಕೆ ಕೈ ಹಾಕುತ್ತಿದ್ದಾರೆ ಎಂಬುದನ್ನು ಯೋಚಿಸಬೇಕು.

ಅವಮಾನದ ಪ್ರಶ್ನೆಗೆ ಬರುತ್ತೇನೆ. ಸುಮಾರು ಎರಡೂಮುಕ್ಕಾಲು ಕೋಟಿ ಜನರ ದೇಶ ಐವತ್ತು ಲಕ್ಷ ದಾಟಿದ ದೇಶವನ್ನು ಅಣಕಿಸುತ್ತಿದೆ ಎಂಬ ಲೆಕ್ಕವನ್ನಷ್ಟೇ ನೋಡಿದರೆ ಪತ್ರಲೇಖಕರ ಅನುಮಾನ ನ್ಯಾಯವೆನಿಸಬಹುದು. ಆದರೆ ಈ ಕುಸ್ತಿಯಲ್ಲಿ ಚಿಕ್ಕವರು ತಿಂದ ಪೆಟ್ಟಿಗಿಂತ ಕೊಟ್ಟದ್ದೇ ಹೆಚ್ಚು. ನ್ಯೂಜಿಲೆಂಡಿನಿಂದ ಜನ ಆಸ್ಟ್ರೇಲಿಯಕ್ಕೆ ಗುಳೆ ಹೋಗುತ್ತಿದ್ದಾರಲ್ಲ ಎಂದು ಕೇಳಿದ್ದಕ್ಕೆ, ಅದರಿಂದ ಎರಡೂ ದೇಶಗಳ ಸರಾಸರಿ ಬುದ್ಧಿಮಟ್ಟ ಏರುತ್ತದೆ ಎಂದು ನ್ಯೂಜಿಲೆಂಡಿನ ಆಗಿನ ಪ್ರಧಾನಿ ರಾಬರ್ಟ್ ಮುಲ್ಡೂನ್ ಹೇಳಿದರೆಂಬ ಪ್ರತೀತಿ ಇದೆ. ಅವರದೇ ಇನ್ನೊಂದು ಮಾತು ದಾಖಲೆಯಲ್ಲೇ ಇದೆ. 1981ರ ಫೆಬ್ರುವರಿ 1ರಂದು ಮೆಲ್ಬರ್ನಿನಲ್ಲಿ, ಕೊನೆಯ ಎಸೆತದಲ್ಲಿ ನ್ಯೂಜಿಲೆಂಡ್ ಆರು ರನ್ ಹೊಡೆದರೆ ಪಂದ್ಯ ಸಮವಾಗುತ್ತದೆ ಎನ್ನುವಾಗ, ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ಸಿಕ್ಸ್ ಹೊಡೆಯಲಾಗದಂತೆ ತನ್ನ ತಮ್ಮ ಟ್ರೆವರ್ ಕೈಯಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸಿ ಹಾಕಿಸಿದ್ದು, ಬ್ರಯಾನ್ ಮೆಕೆಕ್ನಿ ಅದನ್ನು ತಡೆದು ಬ್ಯಾಟನ್ನು ಬಿಸಾಡಿದ್ದು ಹಳೆಯ ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು. ಅದು ಹೇಡಿತನ, ಆಸ್ಟ್ರೇಲಿಯದವರು ಹಳದಿ ಉಡುಪು ತೊಟ್ಟಿದ್ದು ಸರಿಯಾಗಿಯೇ ಇತ್ತು ಎಂದರು ಮುಲ್ಡೂನ್. ಇಂಗ್ಲಿಷರಲ್ಲಿ ಹೇಡಿತನದ ಬಣ್ಣ ಹಳದಿ. ಇಂದಿಗೂ ಯಾರಾದರೂ ‘ಫಶ್’ ಎಂದು ಕೆಣಕಿದರೆ, ನ್ಯೂಜಿಲೆಂಡಿನವರು ಕೈಯನ್ನು ಸೊಂಟದ ಕೆಳಗೆ ತಂದು ಚೆಂಡು ಉರುಳಿಸುವ ಅಭಿನಯ ಮಾಡಿದರೆ ಸಾಕು. ಅದಕ್ಕೂ ಜಗ್ಗದಿದ್ದರೆ 1788ರಲ್ಲಿ ಬ್ರಿಟನ್ನಿನಿಂದ ಸಿಡ್ನಿಗೆ ಬಂದಿಳಿದ ಕೈದಿಗಳ ಪ್ರಸ್ತಾಪ ಬರುತ್ತದೆ.

ಆಸ್ಟ್ರೇಲಿಯದ ಒಳಗೂ ಇದೇ ಆಟ ಸಣ್ಣ ಪ್ರಮಾಣದಲ್ಲಿ ಇದೆ: 1836ರಲ್ಲಿ ಕೈದಿಗಳಿಲ್ಲದೆ ಸ್ಥಾಪನೆಯಾದ ದಕ್ಷಿಣ ಆಸ್ಟ್ರೇಲಿಯದವರು ‘ಡಾನ್ಸ್’ ಎಂದು ದೀರ್ಘವಾಗಿ ಎಳೆದರೆ ಸಿಡ್ನಿಯವರಿಗೆ ಅದು ಜಂಬವಾಗಿ ಕೇಳಿಸುತ್ತದೆ, ವಿಕ್ಟೋರಿಯದ ಅನೇಕರ ಬಾಯಲ್ಲಿ ‘ಸೆಲರಿ’ ಸೊಪ್ಪೂ ತಿಂಗಳ ‘ಸ್ಯಾಲರಿ’ಯೂ ಒಂದೇ ಆಗುತ್ತವೆ. ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲೆಂಡಿನಲ್ಲಿ ಸ್ಕಾಟ್ಲೆಂಡಿನಿಂದ ಬಂದವರ ರಕಾರ ಈಗಲೂ ಉರುಳುತ್ತದೆ.

ಮೊನ್ನೆಯ ಕ್ರಿಸ್‌ಮಸ್ ರಜೆಯಲ್ಲಿ ಮಗಳ ಸಂಸಾರವೂ ನಾವಿಬ್ಬರೂ ಮಗನ ಮನೆಯಲ್ಲಿ ಸೇರಿದ್ದೆವು. ಒಂದು ಸಂಜೆ ಸೇಂಟ್ ಕಿಲ್ಡಾ ಕಡಲತೀರಕ್ಕೆ ಹೋದಾಗ ಮೊಮ್ಮಗಳು, ಅಂದರೆ ವೆಲ್ಲಿಂಗ್ಟನ್ನಿನ ಮಗಳ ಮಗಳು, ಅಂಗಡಿಯವನ ಹತ್ತಿರ ಬೇಕಾದ್ದನ್ನು ಕೇಳಿದಳು. ಮೀನು ತಿನ್ನದ ಮನೆಯವರಾದ ಕಾರಣ ನಾವು ಕೊಂಡದ್ದು ಬರೀ ಚಿಪ್ಸ್, ಆದರೆ ಜಗಳಕ್ಕೆ ಅಷ್ಟೇ ಸಾಕಾಯಿತು. ಅಂಗಡಿಯವನು ಬಿಳಿ ಕಾಗದದಲ್ಲಿ ಸುತ್ತುತ್ತಾ “ಚಪ್ಸ್ ರೆಡಿ” ಎಂದು ಅವಳ ಧಾಟಿಯಲ್ಲೇ ಕೂಗಿದ. ಸಾಲಿನಲ್ಲಿ ನಿಂತವರು ನಕ್ಕರು. ಅವಳೂ ನಕ್ಕು “ಥ್ಯಾಂಕ್ಸ್ ಫಾರ್ ದಿ ಚೀಪ್ಸ್” ಎಂದು ಅಷ್ಟೇ ರಾಗವಾಗಿ ತಿರುಗಿಸಿದಳು. ಅದಕ್ಕೆ ಅವನು ಒಂದು ಸೌಟು ಹೆಚ್ಚಿಗೆ ಹಾಕಿಕೊಟ್ಟ. ದಾರಿಯಲ್ಲಿ ಮಗನ ಮಗ ಬಿಡಲಿಲ್ಲ. “ಅಜ್ಜಾ, ಇವಳಿಗೆ ಐದಾದ ಮೇಲೆ ಎಷ್ಟು ಅಂತ ಕೇಳು, ಬರೋದೇ ಇಲ್ಲ ಇವಳಿಗೆ” ಎಂದ. “ಆರು. ಈಗ ನೀನು ಏಳರಿಂದ ಹತ್ತರವರೆಗೆ ಕನ್ನಡದಲ್ಲೇ ಎಣಿಸು ನೋಡೋಣ” ಎಂದಳು ಅವಳು. ಅವನು ಎಂಟರಲ್ಲಿ ತಡವರಿಸಿದ. ಇಬ್ಬರ ಅಪ್ಪ ಅಮ್ಮಂದಿರೂ ನಮ್ಮ ಸಾಗರ ಪಟ್ಟಣದ ಒಂದೇ ಬೀದಿಯ ಒಂದೇ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತವರು ಎಂಬುದನ್ನು ನೆನೆದರೆ ನನಗೆ ಆಶ್ಚರ್ಯವಾಗುತ್ತದೆ. ಮಕ್ಕಳು ಮಾತಿನ ಧಾಟಿಯನ್ನು ಕಲಿಯುವುದು ಅಪ್ಪ ಅಮ್ಮಂದಿರಿಂದಲ್ಲ, ಶಾಲೆಯ ಅಂಗಳದ ಗೆಳೆಯರಿಂದ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಕಣ್ಣೆದುರೇ ಕಾಗದದ ಪೊಟ್ಟಣ ಹಿಡಿದು ಜಗಳವಾಡುತ್ತಿತ್ತು.

ಎಲ್ಲ ಅಣಕವೂ ಇಷ್ಟು ನಿರಪಾಯಕಾರಿ ಎಂದು ನಾನು ಹೇಳುವುದಿಲ್ಲ. ಎರಡೂ ದೇಶಗಳ ಬಾನುಲಿಗಳಲ್ಲಿ ಬಹುಕಾಲ ಬಿಬಿಸಿಯ ಮಾದರಿಯ ಇಂಗ್ಲಿಷಿಗೇ ಮಣೆಯಿತ್ತು. ಸ್ವಂತ ಧಾಟಿಯವರಿಗೆ ವಾರ್ತೆ ಓದುವ ಅವಕಾಶ ಸುಲಭವಾಗಿ ಸಿಗುತ್ತಿರಲಿಲ್ಲ. 2010ರಲ್ಲಿ ಆಸ್ಟ್ರೇಲಿಯದ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಅವರ ಅಪ್ಪಟ ಆಸ್ಟ್ರೇಲಿಯದ ಉಚ್ಚಾರವನ್ನು ಅವರ ದೇಶದವರೇ ಹೀಗಳೆದರು. ಹುಟ್ಟಿದ್ದು ವೇಲ್ಸಿನಲ್ಲಿ, ಬೆಳೆದದ್ದು ಅಡಿಲೇಡಿನಲ್ಲಿ ಎಂಬುದು ಗಮನಾರ್ಹ. ಇದಕ್ಕಿಂತ ಗಂಭೀರವಾದದ್ದು 1984ರ ಪ್ರಸಂಗ. ಆಕ್ಲೆಂಡಿನ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದ ನಾಯ್ಡಾ ಗ್ಲಾವಿಶ್ ಎಂಬ ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿ) ಮಹಿಳೆ ಕರೆ ಮಾಡಿದವರಿಗೆ ‘ಕಿಯಾ ಓರಾ’ ಎಂದು ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳುತ್ತಿದ್ದರು. ಹಾಗೆ ಹೇಳಕೂಡದೆಂದು ಮೇಲಧಿಕಾರಿಗಳು ತಾಕೀತು ಮಾಡಿದರು, ಅವರು ಒಪ್ಪದಿದ್ದಾಗ ಆ ಕೆಲಸದಿಂದ ತೆಗೆದರು. ದೇಶದಲ್ಲೆಲ್ಲ ಗದ್ದಲವಾದ ಮೇಲೆ ಮರಳಿ ಕರೆದುಕೊಂಡರು. ಮೂರು ವರ್ಷಗಳಲ್ಲಿ, 1987ರಲ್ಲಿ, ಮಾವೊರಿ ಅಧಿಕೃತ ಭಾಷೆಯಾಯಿತು. ಇಂದು ನ್ಯೂಜಿಲೆಂಡಿನವರು ತಾವು ಆಸ್ಟ್ರೇಲಿಯದವರಲ್ಲ ಎಂದು ತೋರಿಸಿಕೊಳ್ಳಲು ಮೊದಲು ಬಳಸುವುದೇ ಅದೇ ‘ಕಿಯಾ ಓರಾ’ವನ್ನು. ಸಂಬಳ ಕೊಡುವವನು ಸಂಬಳ ಪಡೆಯುವವಳ ಮಾತನ್ನು ತಿದ್ದಿದಾಗ ಅವಳಿಗೆ ಮರುಮಾತಿನ ಅವಕಾಶವಿರಲಿಲ್ಲ. ಚಿಪ್ಸ್ ಅಂಗಡಿಯ ಮುಂದೆ ನನ್ನ ಮೊಮ್ಮಗಳಿಗೆ ಅದು ಇತ್ತು. ಅಲ್ಲಿನ ಟ್ಯಾಕ್ಸಿ ಚಾಲಕನಾದ ಪಂಜಾಬಿನವನ ಇಂಗ್ಲಿಷನ್ನು ಹಿಂದಿನ ಸೀಟಿನಲ್ಲಿ ಕುಳಿತು ಅಣಕಿಸುವುದನ್ನು ನಾನು ಈ ತಮಾಷೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಮ್ಮವರಿಗೂ ಈ ವಿಷಯ ದೂರದ್ದಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಸೇರಿದ ನನ್ನ ಶಿಷ್ಯರಿಗೆ ಮಾತೃಭಾಷೆಯ ಪ್ರಭಾವವನ್ನು ನಾಲಗೆಯಿಂದ ತೊಳೆಯುವ ತರಬೇತಿ ಕೊಡುತ್ತಿದ್ದರು. ರಾತ್ರಿಪಾಳಿಗೆ ವಿದೇಶಿ ಹೆಸರನ್ನೂ ಇಡುತ್ತಿದ್ದರು. ಧಾರವಾಡದವರು ‘ಏನ್ರೀ’ ಎಂದರೆ ಮೈಸೂರಿನವರು ನಗುವುದು, ಮೈಸೂರಿನವರ ಮಾತು ಮೆತ್ತಗಾಯಿತೆಂದು ಧಾರವಾಡದವರು ಕಾಲೆಳೆಯುವುದು ಒಂದು ಬಗೆಯಾದರೆ, ಮೇಲಿನ ತರಬೇತಿ ಬೇರೆಯೇ ಬಗೆ ಎಂಬುದು ಅದನ್ನು ಅನುಭವಿಸಿದವರಿಗೆ ಗೊತ್ತು.

ನಿಮ್ಮ ಪತ್ರಲೇಖಕರು ನ್ಯೂಜಿಲೆಂಡಿನ ಕ್ರಿಕೆಟಿಗ ರಚಿನ್ ರವೀಂದ್ರ ಅವರನ್ನೂ ಹೆಸರಿಸಿ, ಕನ್ನಡಿಗರ ಮಗನಾಗಿ ಅವರಾದರೂ ಶುದ್ಧ ಇಂಗ್ಲಿಷ್ ಮಾತನಾಡಬಹುದಿತ್ತು ಎಂದಿದ್ದಾರೆ. ರಚಿನ್ 1999ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ ಹುಟ್ಟಿ ಅಲ್ಲೇ ಬೆಳೆದವರು; ತಂದೆ ತಾಯಿ ಬೆಂಗಳೂರಿನಿಂದ ಹೋದವರು. 2023ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ 108 ರನ್ ಹೊಡೆದದ್ದು, ಮರುವರ್ಷದ ಅಕ್ಟೋಬರಿನಲ್ಲಿ ಭಾರತ 46ಕ್ಕೆ ಕುಸಿದ ಟೆಸ್ಟಿನಲ್ಲಿ 134 ರನ್ ಗಳಿಸಿ, 1988ರ ನಂತರ ನ್ಯೂಜಿಲೆಂಡ್ ಭಾರತದಲ್ಲಿ ಗೆದ್ದ ಮೊದಲ ಟೆಸ್ಟಿಗೆ ಆಧಾರವಾದದ್ದು, ಎರಡೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ. ಕಪ್ಪು ಟೋಪಿ ಧರಿಸಿ ನ್ಯೂಜಿಲೆಂಡಿಗೆ ಆಡುವ ತರುಣನಿಂದ ನ್ಯೂಜಿಲೆಂಡಿನ ಇಕಾರವನ್ನಲ್ಲದೆ ಇನ್ನೇನನ್ನು ನಿರೀಕ್ಷಿಸಬೇಕಿತ್ತು? ಅವರು ಮೈಸೂರಿನ ಕಾನ್ವೆಂಟಿನ ಇಂಗ್ಲಿಷ್ ಮಾತನಾಡಿದ್ದರೆ ವೆಲ್ಲಿಂಗ್ಟನ್ನಿನ ಗೆಳೆಯರು ಅದನ್ನೂ ಅಣಕಿಸದೆ ಬಿಡುತ್ತಿರಲಿಲ್ಲ.

ಕೊನೆಯದಾಗಿ ನಿಮ್ಮ ಕ್ರೀಡಾಪುಟದವರಲ್ಲಿ ಒಂದು ವಿನಂತಿ. ನ್ಯೂಜಿಲೆಂಡ್ ಆಟಗಾರರ ಮಾತನ್ನು ತಮಾಷೆಗಾಗಿ ‘ಸಕ್ಸ್’, ‘ಬೆಟ್’ ಎಂದು ಉಚ್ಚಾರದಂತೆಯೇ ಅಚ್ಚು ಹಾಕುವ ರೂಢಿಯನ್ನು ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ, ಓದಲು ಮಜವಾಗಿಯೇ ಇರುತ್ತದೆ. ಆಸ್ಟ್ರೇಲಿಯ ತಂಡ ಬಂದಾಗ ಅವರ ನಾಯಕನ ಮಾತನ್ನೂ ಅದೇ ಅಕ್ಷರನಿಷ್ಠೆಯಿಂದ, ದೀರ್ಘಗಳನ್ನು ಬಿಡದೆ, ಅಚ್ಚು ಹಾಕಿ.

ಇಂತಿ,
ನಿವೃತ್ತ ಇಂಗ್ಲಿಷ್ ಉಪನ್ಯಾಸಕ,
ಸಾಗರ, ಶಿವಮೊಗ್ಗ ಜಿಲ್ಲೆ